ಆಟಿಸಂ ಇರೋ ಮಗನಿಗಿ ಬಿಹೇವಿಯರ್ ಥೆರಪಿ ಹಚ್ಚೀವಿ, ಎಷ್ಟರ ಮಟ್ಟಿಗಿ ಆಸೆ ಇಟ್ಕೋಬೇಕ್ರಿ?

ಕಲಬುರಗಿ_ಅವ್ವ:

ಎಲ್ಲಾರಿಗೂ ನಮಸ್ಕಾರ್ರಿ. ಮಗ ಮೂರುವರಿ ವರ್ಷದವ. ಹೈದರಾಬಾದ್‌ನ್ಯಾಗ ತೋರಿಸಿದ್ವಿ, ಆಟಿಸಂ ಅಂತ ಬರದು ಕೊಟ್ಟಾರ, ಕಿವಿ ಟೆಸ್ಟ್ ಮಾಡಿಸೀವಿ ಅದು ಸರಿ ಅದ. ಹೆಸರ್ ಹಿಡ್ದು ಕರದ್ರ ತಿರುಗಿ ನೋಡಂಗಿಲ್ಲ. ಏನರೆ ಬೇಕಂದ್ರ ಬೆರಳ್ ಮಾಡಿ ತೋರ್ಸಂಗಿಲ್ಲ, ನನ್ ಕೈ ಹಿಡ್ಕೊಂಡು ಒಯ್ದು ಆ ಡಬ್ಬಿ ಮ್ಯಾಲ ಇಡ್ತಾನ. ಟಿವಿ ಜಾಹೀರಾತಿನ ಮಾತ್ ಮಾತ್ರ ಹೆಂಗ ಅದನೋ ಹಂಗೇ ಅಂತಾನ. ಊರಾಗಿನ ಸೂಪರ್ ಮಾರ್ಕೆಟ್ ಬಜಾರ್ ಕಡಿ ಹೋದ್ರ ಹಾರ್ನ್ ಸಪ್ಪಳಕ್ಕ ಕಿವಿ ಮುಚ್ಕೊಂಡು ನೆಲಕ್ಕ ಬಿದ್ದು ಒದರ್ತಾನ, ಮಂದಿ ಎಲ್ಲಾ ನಮ್ಮನ್ನೇ ನೋಡ್ತಾರ.

ಇಲ್ಲೇ ಊರಾಗ ಬಿಹೇವಿಯರ್ ಥೆರಪಿ, ಅಂದ್ರ ನಡವಳಿಕೆ ಕಲಿಸೂ ಥೆರಪಿ, ಮಾಡೂ ಒಂದು ಸೆಂಟರ್‌ಗಿ ಹಚ್ಚೀವಿ. ಅವ್ರು ಆರ್ ತಿಂಗಳದಾಗ ನಾರ್ಮಲ್ ಮಾಡ್ತೀವಿ, ಆದ್ರ ವಾರಕ್ಕ 40 ತಾಸ್ ಥೆರಪಿ ಆಗ್ಲೇಬೇಕು ಅಂತ ಹೇಳ್ಲಿಕತ್ತಾರ. ನಮ್ದು ಸಣ್ಣ ಕಿರಾಣಿ ಅಂಗಡಿ ಅದ, ಅಷ್ಟು ರೊಕ್ಕ ಎಲ್ಲಿಂದ ತರಬೇಕು ತಿಳೀವಲ್ದು. ಒಳಗ ಕೂಡಿಸ್ಕೊಳ್ಳಂಗಿಲ್ಲ, ಬಾಗಲ ಹಾಕ್ಕೋತಾರ, ಹೊರಗ ಕುಂತ್ರ ಅವನ ಅಳೂದು ಕೇಳ್ತದ. ಅತ್ತಿಯವ್ರು ಮೊಬೈಲ್ ಕೊಟ್ಟಿದ್ದಕ್ಕೇ ಹಿಂಗಾಗ್ಯಾದ ಅಂತಾರ. ಖರೇನ ಈ ಥೆರಪಿಲಿಂದ ಏನಾಗ್ತದ, ಮಾತ್ ಯಾವಾಗ ಬರ್ತಾವ? ಅನುಭವ ಇದ್ದವ್ರು ಹೇಳ್ರಿ ದಯಮಾಡಿ.

ಬೀದರ್_ಅಪ್ಪ:

ತಂಗಿ, ನಮ್ ಮಗಳು ಈಗ ಒಂಬತ್ತು ವರ್ಷದಾಕಿ. ಆರ್ ತಿಂಗಳದಾಗ ನಾರ್ಮಲ್ ಅನ್ನೂ ಮಾತ್ ನಂಬಬ್ಯಾಡಮ್ಮ. ಆಟಿಸಂ ಜ್ವರ ಅಲ್ಲ ಹೋಗ್ಲಿಕ್ಕ, ಆ ಮಗು ಇರೂದೇ ಹಂಗ. ಥೆರಪಿಲಿಂದ ಆಗೂದು ಏನಂದ್ರ ದಿನದ ಬದುಕು ಹಗುರಾಗ್ತದ, ಆಕಿಗೂ ನಮಗೂ. ನಮ್ಮಾಕಿ ಸಂಡಾಸಕ್ಕ ತಾನೇ ಹೋಗ್ತಾಳ, ಹಲ್ಲ್ ತಿಕ್ಕೋತಾಳ, ಬಸ್ಸಿನಾಗ ಕೂಡ್ತಾಳ, ಸಾಕಾದ್ರ ಸಾಕು ಅಂತ ಕೈ ಮಾಡ್ತಾಳ. ಇವತ್ತಿಗೂ ಕೂತು ಮಾತಾಡೂ ಹುಡುಗಿ ಅಲ್ಲ, ನಾಕು ಮಾತ್ ಅಂತಾಳ, ಉಳಿದಿದ್ದು ಕಾರ್ಡ್ ತೋರಿಸಿ ಹೇಳ್ತಾಳ.

ಕಾರ್ಡಿನ ವಿಷಯ ಹೇಳ್ತೀನಿ ಯಾಕಂದ್ರ ನಮ್ಮನಿ ಬದಲಾಗಿದ್ದೇ ಅಲ್ಲಿಂದ. ಮೊದಲ ನೀರ್ ಬೇಕಂದ್ರ ಒದರಿ ಒದರಿ ತಲಿ ಗ್ವಾಡಿಗಿ ಬಡ್ಕೋತಿದ್ಳು, ನಮಗ ಏನ್ ಬೇಕು ಅನ್ನೂದೇ ತಿಳೀತಿದ್ದಿಲ್ಲ. ಥೆರಪಿ ಮ್ಯಾಡಮ್ ನಮ್ಮನಿ ಸ್ಟೀಲ್ ಗ್ಲಾಸಿಂದೇ ಫೋಟೋ ತೆಗೆಸಿ ಕಾರ್ಡ್ ಮಾಡಿದ್ರು. ಆಕಿ ಕಾರ್ಡ್ ಕೈಯಾಗ ಕೊಟ್ಟ ಕೂಡ್ಲೇ ನೀರ್ ಕೊಡಬೇಕು, ಒಂದು ನಿಮಿಷನೂ ತಡಾ ಮಾಡಬಾರ್ದು. ಶುರುವಿಗಿ ಒಬ್ರು ಹಿಂದ ಕುಂತು ಆಕಿ ಕೈ ಹಿಡ್ದು ಕೊಡಿಸೂದು, ಆಮ್ಯಾಲ ಮೊಳಕೈ ಅಷ್ಟೇ ಮುಟ್ಟೂದು, ಆಮ್ಯಾಲ ಅದೂ ಇಲ್ಲ. ಒಂದಿನ ನಾ ಪೇಪರ್ ಓದ್ಲಿಕತ್ತಿದ್ದೆ, ತಾನೇ ಬಂದು ಪೇಪರ್ ಮ್ಯಾಲ ಕಾರ್ಡ್ ಇಟ್ಳು. ಅವತ್ತಿಂದ ತಲಿ ಬಡ್ಕೊಳ್ಳೂದು ಕಮ್ಮಿ ಆಗ್ತಾ ಬಂತು. ಕಾರ್ಡ್ ಕೊಟ್ರ ಮಾತ್ ಕಲ್ಯಂಗಿಲ್ಲ ಅಂತ ಮಂದಿ ಹೆದರಿಸ್ತಾರ, ಅದು ಸುಳ್ಳದ, ನಮ್ಮಾಕಿ ನೀರಿಗಿ "ನೀ" ಅಂದಿದ್ದು ಕಾರ್ಡ್ ಕೊಡ್ತಾನೇ.

ಇನ್ನೊಂದು, ಹಠ ಮಾಡಿದ್ರ ಮೊಬೈಲ್ ಕೊಡೂದು ನಿಲ್ಲಿಸಿದ ಮ್ಯಾಲ ಮೊದಲ ವಾರ ಹಠ ಇನ್ನಾ ಜಾಸ್ತಿ ಆಗ್ತದ. ಥೆರಪಿ ಕೆಲಸ ಮಾಡವಲ್ದು ಅಂತ ಅಲ್ಲೇ ಬಿಟ್ಟ್‌ಬಿಡ್ತಾರ ಭಾಳ ಮಂದಿ. ನಡುವ ಸೋತು ಕೊಟ್ರ ಮುಗೀತು, ಇಷ್ಟು ಜೋರ್ ಒದರಿದ್ರ ಸಿಗ್ತದ ಅಂತ ಕಲೀತದ ಮಗು.

ಯಾದಗಿರಿ_ಅಕ್ಕೋರು:

ನಾನು ಸ್ಪೆಷಲ್ ಎಜುಕೇಟರ್ ಇದ್ದೀನಿ, ಯಾದಗಿರಿ ಕಡಿ ಹಳ್ಳಿ ಮಕ್ಕಳ ಜೋಡಿ ಕೆಲಸ ಮಾಡ್ತೀನಿ. ಮ್ಯಾಲ ಅಣ್ಣಾರು ಹೇಳಿದ್ದು ಖರೆ ಅದ, ಅವ್ವಾರೆ ನೀವು ಕೇಳಿದ 40 ತಾಸಿಂದು ನಾ ಹೇಳ್ತೀನಿ. ಅದು ಬಂದಿದ್ದು ಅಮೆರಿಕಾದ ಲೋವಾಸ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಾಗ ಪ್ರಕಟ ಮಾಡಿದ ಅಧ್ಯಯನದಿಂದ. 19 ಮಕ್ಕಳಿಗಿ ವಾರಕ್ಕ 40 ತಾಸ್ ಕೊಟ್ರು, ಅದ್ರಾಗ 9 ಮಕ್ಕಳು ಸಾಮಾನ್ಯ ಸಾಲ್ಯಾಗ ಹೊಂದ್ಕೊಂಡ್ರು ಅಂತ ಬರದ್ರು. ಸೆಂಟರ್‌ನವ್ರು ಆ 9ರ ಮಾತ್ ಹೇಳ್ತಾರ, ಉಳಿದ 10 ಮಕ್ಕಳಿಂದು ಹೇಳಂಗಿಲ್ಲ. ಯಾವ ಮಗು ಹೆಚ್ಚು ಥೆರಪಿ ಗುಂಪಿಗಿ, ಯಾವ ಮಗು ಕಮ್ಮಿ ಥೆರಪಿ ಗುಂಪಿಗಿ ಅಂತ ಚೀಟಿ ಎತ್ತಿದಂಗ ಹಂಚಿದ್ದಿಲ್ಲ, ಅದಕ್ಕ ಆ ಲೆಕ್ಕದ ಮ್ಯಾಲ ಆಗಿಂದ ಭಾಳ ಪ್ರಶ್ನೆ ಬಂದಾವ. ಆ ಕಾಲದಾಗ ಜೋರಾಗಿ ಗದರಿಸೂದು, ತೊಡಿಗಿ ಹೊಡ್ಯೂದು ಸುದ್ದಾ ಥೆರಪಿ ಭಾಗನೇ ಇತ್ತು. ಈಗ ಯಾರೂ ಹಂಗ ಮಾಡಬಾರ್ದು. ದೊಡ್ಡವರಾದ ಆಟಿಸಂ ಮಂದಿ ಎಷ್ಟೋ ಜನ ಸಣ್ಣವರಿದ್ದಾಗಿನ ಥೆರಪಿ ನೆನೆಸ್ಕೊಂಡ್ರ ಇವತ್ತಿಗೂ ಸಂಕಟ ಆಗ್ತದ ಅಂತ ಹೇಳ್ತಾರ, ಅವರ ಮಾತ್ ನಾವು ಕೇಳಬೇಕ್ರಿ.

ಬಾಗಲ ಹಾಕ್ಕೊಂಡು ಮಾಡೂ ಥೆರಪಿ ನನಗ ಬಿಲ್ಕುಲ್ ಸರಿ ಅನಸಂಗಿಲ್ಲ. ಮೂರುವರಿ ವರ್ಷದ ಕೂಸಿನ ದಿನ ನಡ್ಯೂದು ತಾಯಿ ಜೋಡಿ, ಅಲ್ಲಿ ಕಲ್ತಿದ್ದು ಮನ್ಯಾಗ ಬರಬೇಕಂದ್ರ ತಾಯಿಗಿ ಗೊತ್ತಿರಬೇಕು. ಒಳಗ ಬಿಡ್ರಿ ಅಂತ ಕೇಳ್ರಿ, ಈ ತಿಂಗಳ ಏನ್ ಕಲಿಸ್ಲಿಕತ್ತೀರಿ ಬರದು ಕೊಡ್ರಿ ಅನ್ರಿ, ಕಲಿಸೋರಿಗಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ಅದನೋ ಇಲ್ಲೋ ನೋಡ್ರಿ. ಗುರಿ ಅನ್ನೂದು "ಕಣ್ಣಾಗ ಕಣ್ಣಿಟ್ಟು ನೋಡ್ತಾನ" ಅಂತ ಇದ್ರ ಅದ್ರಿಂದ ಮಗುವಿಗಿ ಏನ್ ಉಪಯೋಗ? "ಬೇಕಾದಾಗ ಕೇಳ್ತಾನ, ಬ್ಯಾಡಾದಾಗ ಬ್ಯಾಡ ಅಂತಾನ" ಅಂತಿರಬೇಕು.

ಹಠಕ್ಕ ಕಾರಣ ಇರ್ತದ. ಏನಾದ್ರೂ ಬೇಕಾಗಿರ್ತದ, ಇಲ್ಲ ಕೆಲಸ ತಪ್ಪಿಸ್ಕೋಬೇಕಾಗಿರ್ತದ, ಇಲ್ಲ ನಿಮ್ಮ ಲಕ್ಷ್ಯ ಬೇಕು, ಇಲ್ಲ ಮೈಗಿ ತಡಕೊಳ್ಳಾಕ ಆಗಲಾರದ ಸಪ್ಪಳ ಬೆಳಕು. ಒದರೂಕಿಂತ ಮೊದಲ ಏನಾಯ್ತು, ಆಮ್ಯಾಲ ನೀವ್ ಏನ್ ಮಾಡಿದ್ರಿ ಅಂತ ಒಂದ್ ನೋಟ್‌ಬುಕ್‌ನ್ಯಾಗ ಬರ್ಕೋರಿ, ವಾರದಾಗ ನಿಮಗೇ ಕಾಣಸ್ತದ. ಸೂಪರ್ ಮಾರ್ಕೆಟ್‌ನ್ಯಾಗ ಬೀಳೂದು ಹಠ ಅಲ್ಲವೇ ಅಲ್ಲ, ಅದು ಸಪ್ಪಳದ ತ್ರಾಸ, ಅದಕ್ಕ ಚಾಕ್ಲೇಟ್ ಬ್ಯಾಡ, ಕಿವಿಗಿ ಹೆಡ್‌ಫೋನ್ ಹಾಕ್ರಿ ಮುಂಜಾನಿ ಗದ್ದಲ ಇಲ್ಲದಾಗ ಹೋಗ್ರಿ. ಒಮ್ಮಿಂದೊಮ್ಮೆ ಹೊಸದಾಗಿ ಕಡ್ಯೂದು ಬಡ್ಕೊಳ್ಳೂದು ಶುರು ಆದ್ರ ಮೊದಲ ಹಲ್ಲ್ ನೋವು, ಕಿವಿ ನೋವು, ಮಲಬದ್ಧತೆ ನೋಡಿಸ್ರಿ, ಮಾತಿಲ್ಲದ ಮಗು ನೋವ ಹೇಳೂದು ಹಂಗೇ.

ಅತ್ತಿಯವರಿಗಿ ಹೇಳ್ರಿ, ಮೊಬೈಲ್‌ನಿಂದ ಆಟಿಸಂ ಬಂತು ಅನ್ನೂದು ಸಾಬೀತಾಗಿಲ್ಲ, ಅದು ಹುಟ್ಟಿಗೂ ಮೊದಲೇ ಮೆದುಳು ಬೆಳ್ಯೂ ರೀತಿಯ ವಿಷಯ. ಆದ್ರ ಮೊಬೈಲ್ ಕಮ್ಮಿ ಮಾಡಿ ಆ ಹೊತ್ತು ಅವನ ಜೋಡಿ ಆಟಕ್ಕ ಕೂಡೂದು ಒಳ್ಳೇದೇ. ಮಾತ್ ಯಾವಾಗ ಬರ್ತಾವ ಅಂತ ಯಾರೂ ತಾರೀಖ್ ಹೇಳಂಗಿಲ್ಲ. ಜಾಹೀರಾತು ಅಂತಾನಲ್ಲ, ಅದು ಒಳ್ಳೇ ಲಕ್ಷಣ, ದನಿ ಅದ, ಅದನ್ನ ಅರ್ಥಕ್ಕ ಜೋಡಿಸ್ಬೇಕಷ್ಟೇ.

ಕಲಬುರಗಿ_ಅವ್ವ:

ಓದಿ ಮನಸ್ಸಿಗಿ ಭಾಳ ಸಮಾಧಾನ ಆತ್ರಿ. ಇನ್ನೊಂದು, ಅವ ಬೆರಳ್ ಕಣ್ಣಿನ ಮುಂದ ಆಡಿಸ್ತಾನ, ಸೆಂಟರ್‌ನ್ಯಾಗ ಕೈ ಹಿಡ್ದು ಬಿಡಿಸ್ತಾರ. ನಾನೂ ಬಿಡಿಸ್ಬೇಕೇನು? ಮತ್ತ ಖರ್ಚಿಗಿ ಸರ್ಕಾರದ್ದು ಏನರೆ ಅದನ್ರಿ?

ಯಾದಗಿರಿ_ಅಕ್ಕೋರು:

ಬಿಡಿಸಬ್ಯಾಡ್ರಿ. ಯಾರಿಗೂ ಗಾಯ ಆಗಂಗಿಲ್ಲ, ಅವನ ಮನಸ್ಸ ಅದ್ರಿಂದ ಶಾಂತ ಆಗ್ತದ. ಸೆಂಟರ್‌ನವರಿಗೂ ನಿಚ್ಚಳ ಹೇಳ್ರಿ.

ಬೀದರ್_ಅಪ್ಪ:

ಖರ್ಚಿಂದು ನಾ ಹೇಳ್ತೀನಿ ತಂಗಿ. ಆರ್‌ಬಿಎಸ್‌ಕೆ ಅನ್ನೂ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಅಡಿ ಜಿಲ್ಲಾ ಮಟ್ಟದಾಗ ಡಿಇಐಸಿ ಅಂತ ಮಕ್ಕಳ ಕೇಂದ್ರ ಮಾಡ್ಯಾರ, ಅಲ್ಲಿ ಥೆರಪಿ ಪುಕ್ಕಟೆ, ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ್ಯಾಗ ಹೋಗಿ ವಿಚಾರಿಸ್ರಿ. 2016ರ ಅಂಗವಿಕಲರ ಹಕ್ಕು ಕಾಯ್ದೆದಾಗ ಆಟಿಸಂ ಸೇರ್ಯಾದ, ಯುಡಿಐಡಿ ಅನ್ನೂ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸ್ರಿ. ಅದು ಕೈಗಿ ಬಂತಂದ್ರ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗಿ ಅರ್ಜಿ ಹಾಕ್ಲಿಕ್ಕ ಬರ್ತದ, ವರ್ಷಕ್ಕ 1 ಲಕ್ಷದ ತನಕ ಅದ, ಥೆರಪಿ ಖರ್ಚೂ ಅದ್ರಾಗ ಬರ್ತದ, ಬಿಲ್ ಎಲ್ಲಾ ಜ್ವಾಪಾನ ಇಟ್ಕೋರಿ. ಹೆಂಗೂ ಹೈದರಾಬಾದ್‌ಗಿ ಹೋಗ್ತೀರಿ, ಸಿಕಂದರಾಬಾದ್‌ನ್ಯಾಗ ಎನ್‌ಐಇಪಿಐಡಿ ಅಂತ ಬುದ್ಧಿ ಬೆಳವಣಿಗೆ ತೊಂದರೆ ಇದ್ದವರಿಗಿ ಕೇಂದ್ರ ಸರ್ಕಾರದ ಸಂಸ್ಥೆ ಅದ, ಒಮ್ಮೆ ಅಲ್ಲೂ ತೋರಿಸ್ರಿ. ಅಂಗವಿಕಲತೆ ಸರ್ಟಿಫಿಕೇಟ್ ಪರೀಕ್ಷಾಕ್ಕ ಹೋಗೂ ದಿನ ಅವನಿಗಿ ಮೆಚ್ಚಿನ ಸಾಮಾನು, ತಿನ್ಲಿಕ್ಕ ಏನರೆ ಚೀಲದಾಗ ಇಟ್ಕೊಂಡು ಹೋಗ್ರಿ, ಕಾಯೂದು ಭಾಳ ಇರ್ತದ. ಮತ್ತ ಯಾರರೆ ಸ್ಟೆಮ್ ಸೆಲ್ ಇಂಜೆಕ್ಷನ್‌ಲಿಂದ ಆಟಿಸಂ ಹೋಗ್ತದ ಅಂತ ಬಂದ್ರ ಒಂದ್ ರೂಪಾಯಿನೂ ಕೊಡಬ್ಯಾಡ್ರಿ, ಹೊಲ ಮಾರಿ ಅದಕ್ಕ ರೊಕ್ಕ ಹಾಕಿದವ್ರು ಅದಾರ.