ಹತ್ತು ಅಜ್ಜಿಯರು, ಒಂದು ಹೊಲ

ಭಾನುವಾರ ನಮ್ಮ ದಾವಣಗೆರೆ ಮನೆಯ ಗುಂಪಿನಲ್ಲಿ ನಡೆದ ಜಗಳ ಇದು. ಆಗ ಊಟಕ್ಕೆ ಕೂತಿದ್ದವರು ಏನಾಯ್ತು, ಏನಾಯ್ತು ಅಂತ ಕೇಳುತ್ತಿದ್ದಾರೆ. ನಡುವೆ ಬಂದ ಗುಲಾಬಿ ಹೂ, ಶುಭೋದಯ ಎಲ್ಲ ಬಿಟ್ಟು ಉಳಿದದ್ದನ್ನು ಇಲ್ಲಿ ಇಳಿಸಿದ್ದೇನೆ. ಶುರುವಾದದ್ದು ಅಣ್ಣನ ಮಗ ಹಾಕಿದ ಕುಕಿ ಕ್ಲಿಕ್ಕರ್ ಆಟದ ಸ್ಕ್ರೀನ್‌ಶಾಟ್‌ನಿಂದ.

ಪುಟ್ಟ: ನನ್ನ ಹತ್ತಿರ 10 ಅಜ್ಜಿಯರಿದ್ದಾರೆ. ಕೈಯಲ್ಲಿ 1,100 ಕುಕಿ. ಹೊಲ ತಗೊಳ್ಳಲಾ, ಅಜ್ಜಿ ಅಪ್‌ಗ್ರೇಡ್ ತಗೊಳ್ಳಲಾ?

ಅಜ್ಜಿ (ವಾಯ್ಸ್ ಮೆಸೇಜ್): ಯಾವ ಅಜ್ಜಿಯರೋ?

ಪುಟ್ಟ: ಆಟದೊಳಗಿನ ಅಜ್ಜಿ. 100 ಕುಕಿ ಕೊಟ್ಟರೆ ಒಬ್ಬಳು ಬರುತ್ತಾಳೆ. ಸೆಕೆಂಡಿಗೆ ಒಂದು ಕುಕಿ ಮಾಡುತ್ತಾಳೆ.

ಅಜ್ಜಿ: ನೂರಕ್ಕೆ ಒಬ್ಬಳಾ! ಮಂಡಕ್ಕಿ ತಗೊಂಡರೆ ಮಿರ್ಚಿ ಬದಲು ನನ್ನನ್ನೇ ಕಟ್ಟಿಕೊಡಿ.

ಚಿಕ್ಕಮ್ಮ: ದುಡ್ಡು ಕಟ್ಟೋ ಆಟನಾ? ಮೊದಲು ಅದನ್ನು ಹೇಳು.

ಪುಟ್ಟ: ಅಲ್ಲ, ಬ್ರೌಸರ್‌ನಲ್ಲಿ ಪುಕ್ಕಟೆ. 2013ರಲ್ಲಿ ಫ್ರಾನ್ಸ್‌ನವನೊಬ್ಬ ಮಾಡಿದ್ದು. ಮೊದಮೊದಲು ನಾವೇ ಕ್ಲಿಕ್ ಮಾಡುತ್ತಾ ಇರಬೇಕು. ಆಮೇಲೆ ಸುಮ್ನೆ ಕೂತರೂ ಕುಕಿ ಬೀಳುತ್ತಾ ಇರುತ್ತೆ.

ದೊಡ್ಡಪ್ಪ: ಹೊಲ ತಗೋ. ಹೊಲ ಸೆಕೆಂಡಿಗೆ 8 ಕೊಡುತ್ತೆ ಅಂತ ಅಲ್ಲೇ ಬರೆದಿದೆ, ಅಜ್ಜಿ ಕೊಡೋದು 1. ಇದರಲ್ಲಿ ಕೇಳೋದೇನಿದೆ?

ದೊಡ್ಡಪ್ಪ ಕಾಟನ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಅವರಿಗೆ ಎದುರಾಡೋದು ನಮ್ಮಲ್ಲಿ ಅಕ್ಕ ಒಬ್ಬಳೇ. ಅವಳು ಚಿತ್ರದುರ್ಗದಲ್ಲಿ ಗಣಿತ ಹೇಳಿಕೊಡುತ್ತಾಳೆ.

ಅಕ್ಕ: ಎಷ್ಟು ಕೊಡುತ್ತೆ ಅಂತಲ್ಲ ದೊಡ್ಡಪ್ಪ, ಹಾಕಿದ್ದು ಎಷ್ಟು ಹೊತ್ತಿಗೆ ಹುಟ್ಟುತ್ತೆ ಅಂತ ನೋಡಬೇಕು. ಹೊಲಕ್ಕೆ 1,100, ಕೊಡೋದು 8. ಹೆಚ್ಚುಕಡಿಮೆ 137 ಸೆಕೆಂಡ್ ಬೇಕು. ಅಪ್‌ಗ್ರೇಡ್‌ಗೆ 1,000. ಎಲ್ಲ ಅಜ್ಜಿಯರ ಕೆಲಸವೂ ಎರಡು ಪಟ್ಟು. ಅಂದರೆ ಇನ್ನೊಂದು 10 ಸೇರಿತು. 100 ಸೆಕೆಂಡಿಗೆ ಅಸಲು ವಾಪಸ್.

ದೊಡ್ಡಪ್ಪ: ಹಾಗಾದರೆ ಇನ್ನೊಬ್ಬ ಅಜ್ಜಿಯನ್ನೇ ತಗೊಳ್ಳಲಿ. 100 ಕೊಟ್ಟು 1. ಅದೂ ನೂರೇ ಸೆಕೆಂಡ್.

ಪುಟ್ಟ: ಆ ರೇಟು ಮೊದಲನೆಯವಳಿಗೆ ಮಾತ್ರ. ಒಬ್ಬೊಬ್ಬಳನ್ನು ಕೊಂಡ ಹಾಗೂ ಶೇ. 15 ಏರುತ್ತೆ. ಹನ್ನೊಂದನೆಯವಳಿಗೆ 405.

ಅಜ್ಜಿ: ಹಾಂ, ಈಗ ಸರಿ ಹೋಯ್ತು.

ಚಿಕ್ಕಮ್ಮ: ನನಗೆ ತಲೆಬುಡ ಗೊತ್ತಾಗಲಿಲ್ಲ.

ನಾನು: ಮಂಡಕ್ಕಿ ಭಟ್ಟಿ ಅಂದುಕೋ ಚಿಕ್ಕಮ್ಮ. ಹುರಿಯೋರಿಗೆ ಹೊಸ ವರಸೆ ಕಲಿಸೋಕೆ ಒಬ್ಬ ಮೇಸ್ತ್ರಿ ಬಂದ. ಮೂವರಿಗೆ ಕಲಿಸಿದರೂ ಅದೇ ಫೀಸು, ಹತ್ತು ಜನಕ್ಕೆ ಕಲಿಸಿದರೂ ಅದೇ ಫೀಸು. ಮೂವರೇ ಇದ್ದಾಗ ಕರೆಸಿದರೆ ಲಾಸು. ಪುಟ್ಟನ ಹತ್ತಿರ ಮೂರೇ ಅಜ್ಜಿಯರಿದ್ದಿದ್ದರೆ ಅಸಲು ಹುಟ್ಟೋಕೆ 333 ಸೆಕೆಂಡ್ ಆಗುತ್ತಿತ್ತು.

ಭಾವ: ಒಂದು ನಿಮಿಷ. ಎರಡೂ ಹೇಗಿದ್ದರೂ ಕೊಳ್ಳೋದೇ ಅಲ್ವಾ? ಅಪ್‌ಗ್ರೇಡ್ ಮೊದಲು ತಗೊಂಡರೆ ಕೈಯಲ್ಲಿ 100 ಉಳಿಯುತ್ತೆ, ಸೆಕೆಂಡಿಗೆ 20 ಬರುತ್ತೆ, 50 ಸೆಕೆಂಡಿಗೆ ಹೊಲ. ಹೊಲ ಮೊದಲಾದರೆ ಸೆಕೆಂಡಿಗೆ 18, 56 ಸೆಕೆಂಡಿಗೆ ಅಪ್‌ಗ್ರೇಡ್. ಆರು ಸೆಕೆಂಡಿಗೆ ಅರ್ಧ ಗಂಟೆಯಿಂದ ಜಗಳ ಆಡುತ್ತಾ ಇದ್ದೀರಾ?

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಭಾವನ ಲೆಕ್ಕ ಸರಿ. ಆದರೆ ಜಗಳ ನಿಲ್ಲಿಸೋಕೆ ಸರಿಯಾದ ಲೆಕ್ಕ ಸಾಲದು. ಅಷ್ಟರಲ್ಲಿ ಪುಟ್ಟ ಎರಡನ್ನೂ ಕೊಂಡಾಗಿತ್ತು.

ಪುಟ್ಟ: ಈಗ ಸೆಕೆಂಡಿಗೆ 28. ಇನ್ನೊಂದು ಅಜ್ಜಿ ಅಪ್‌ಗ್ರೇಡ್ ಬಂದಿದೆ, 5,000. ಅದೂ ಎರಡು ಪಟ್ಟು.

ದೊಡ್ಡಪ್ಪ: ಮೊದಲು ನೂರು ಪರ್ಸೆಂಟ್, ಈಗ ಇನ್ನೊಂದು ನೂರು. ಒಟ್ಟು ಮೂರು ಪಟ್ಟು.

ಅಕ್ಕ: ನಾಲ್ಕು. ಇಲ್ಲಿ ಕೂಡಿಸಲ್ಲ, ಗುಣಿಸುತ್ತಾರೆ. ಆದರೂ ಈಗ ತಗೋಬೇಡ ಪುಟ್ಟ. 20 ಇದ್ದದ್ದು 40 ಆಗುತ್ತೆ, ಹೆಚ್ಚಾಗೋದು 20. ಅಸಲು ಹುಟ್ಟೋಕೆ 250 ಸೆಕೆಂಡ್. ಎರಡನೇ ಹೊಲಕ್ಕೆ 1,265 ಆದರೂ 158 ಸೆಕೆಂಡ್ ಸಾಕು.

ದೊಡ್ಡಪ್ಪ: ನಾನು ಮೊದಲೇ ಹೇಳಿದೆ, ಹೊಲ ಅಂತ.

ಅಕ್ಕ ನಗುವ ಮುಖ ಒಂದನ್ನು ಕಳಿಸಿದಳು. ಅದು ನಗು ಅಲ್ಲ ಅಂತ ನಮಗೆಲ್ಲ ಗೊತ್ತು.

ದೊಡ್ಡಪ್ಪ: ಇನ್ನೊಂದು ಮಾತು. ಬಂದದ್ದನ್ನೆಲ್ಲ ಖಾಲಿ ಮಾಡಬೇಡ. ಕೈಯಲ್ಲಿ ಸ್ವಲ್ಪ ಇರಲಿ.

ಅಕ್ಕ: ಇಲ್ಲಿ ಕೂಡಿಟ್ಟಿದ್ದಕ್ಕೆ ಬಡ್ಡಿ ಎಲ್ಲಿ ಬರುತ್ತೆ?

ಪುಟ್ಟ: ಬರುತ್ತೆ ಅತ್ತೆ, ಒಂಥರಾ. ಆಗಾಗ ಗೋಲ್ಡನ್ ಕುಕಿ ಕಾಣಿಸುತ್ತೆ. ಒತ್ತಿದರೆ ಒಮ್ಮೊಮ್ಮೆ ಫ್ರೆಂಜಿ, 77 ಸೆಕೆಂಡ್ ಎಲ್ಲವೂ 7 ಪಟ್ಟು. ಒಮ್ಮೊಮ್ಮೆ ಲಕ್ಕಿ. ಆಗ ಕೈಯಲ್ಲಿರೋದರ ಶೇ. 15, ಇಲ್ಲ ಅಂದರೆ 15 ನಿಮಿಷದ ಉತ್ಪಾದನೆ. ಯಾವುದು ಕಡಿಮೆಯೋ ಅದು. ಮೇಲೆ 13 ಕುಕಿ.

ದೊಡ್ಡಪ್ಪ ಹೆಬ್ಬೆರಳು ಎತ್ತಿದರು. ನಾಲ್ಕು ಸಲ.

ಅಕ್ಕ: ಇರಿ, ಕುಣಿಯಬೇಡಿ. ಆ 15 ನಿಮಿಷದ್ದು ಪೂರ್ತಿ ಸಿಗಬೇಕು ಅಂದರೆ 100 ನಿಮಿಷದ ಉತ್ಪಾದನೆ ಕೈಯಲ್ಲಿರಬೇಕು. ಪುಟ್ಟನಿಗೆ ಅದು 1,68,000. ಅಷ್ಟಕ್ಕೆ 12,000ದ ಗಣಿ, 1,30,000ದ ಫ್ಯಾಕ್ಟರಿ ಎರಡೂ ಬಂದು ಇನ್ನೂ ಉಳಿಯುತ್ತೆ. ಫ್ಯಾಕ್ಟರಿ ಒಂದೇ ಸೆಕೆಂಡಿಗೆ 260 ಕೊಡುತ್ತೆ. ಈಗಲೇ ಕೂಡಿಡೋದು ಅಂದರೆ ಬಿತ್ತನೆ ಬೀಜವನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ನನ್ನನ್ನು ಕೇಳಿದರೆ ಇಬ್ಬರದೂ ಸರಿ, ಸಮಯ ಬೇರೆ. ಶುರುವಿನಲ್ಲಿ ಅಕ್ಕನ ಮಾತು ಕೇಳಬೇಕು. ಬೆಲೆಗಳು ತೀರಾ ಮೇಲೆ ಹೋಗಿ, ಮುಂದಿನದನ್ನು ಕೊಳ್ಳೋಕೆ ಹೇಗೂ ಕಾಯಬೇಕಾದಾಗ ದೊಡ್ಡಪ್ಪನ ಮಾತು. ಇದನ್ನು ಗುಂಪಿನಲ್ಲಿ ಬರೆಯಲಿಲ್ಲ. ಇಬ್ಬರ ಮನೆಗೂ ಹೋಗಿ ಊಟ ಮಾಡಬೇಕಲ್ಲ.

ಪುಟ್ಟ: ಎರಡನೇ ಹೊಲ ತಗೊಂಡೆ. 40 ಕುಕಿ ಉಳಿದಿದೆ.

ಪುಟ್ಟ: ಅಯ್ಯೋ, ಈಗಲೇ ಗೋಲ್ಡನ್ ಕುಕಿ ಬಂತು. ಲಕ್ಕಿ.

ದೊಡ್ಡಪ್ಪ: ಎಷ್ಟು ಬಂತು?

ಪುಟ್ಟ: 19.