ಪದಚರ್ಚೆ: ನೇಪಾಳದ ನಕ್ಷೆಗೆ ‘ಸರೋವರ’ವೋ ‘ಕೆರೆ’ಯೋ?

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ.

ಮೂರು ಪದ ಅರ್ಜೆಂಟಾಗಿ ಬೇಕಾಗಿವೆ. ನೇಪಾಳದ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಡುವಿನ ಎರಡು ಪುಟಗಳಲ್ಲಿ ಆ ದೇಶದ ನೀರಿನ ನಕ್ಷೆ ಇದೆ. ಮೂಲೆಯ ಚೌಕದಲ್ಲಿ ಮೂರು ಬಣ್ಣ. ನೀಲಿ ಅಂದರೆ ತಾನಾಗಿ ಆದದ್ದು. ಹಸಿರು ಅಂದರೆ ಜನ ಕಟ್ಟಿದ್ದು. ಬಿಳಿ ಅಂದರೆ ಹಿಮನದಿ ಕರಗಿ ನಿಂತ ನೀರು. ಒಂದೊಂದಕ್ಕೂ ಎರಡು ಮೂರು ಪದಕ್ಕಷ್ಟೇ ಜಾಗ. ಸೋಮವಾರ ಅಚ್ಚಿಗೆ ಹೋಗಬೇಕು.

ಈಗ ಬರೆದಿರುವುದು ಇಷ್ಟು: ನೈಸರ್ಗಿಕ ಸರೋವರ, ಕೃತಕ ಸರೋವರ, ಹಿಮಸರೋವರ. ಮಗಳಿಗೆ ಓದಿ ಹೇಳಿದೆ. ಏಳು ವರ್ಷ ಅವಳಿಗೆ. ‘ಕೃತಕ ಅಂದ್ರೆ ಪ್ಲಾಸ್ಟಿಕ್ಕಾ?’ ಅಂತ ಕೇಳಿದಳು. ಅಲ್ಲಿಂದ ನನಗೆ ಸಮಾಧಾನವಿಲ್ಲ.

ಇನ್ನೊಂದು ತೊಡಕು ಪೋಖರಾದ ಫೇವಾ. ತಾನಾಗಿ ಆದ ನೀರು ಅದು, ಆದರೆ ದಕ್ಷಿಣದ ತುದಿಯಲ್ಲಿ ಅಣೆ ಕಟ್ಟಿದ್ದಾರೆ. ಅದಕ್ಕೆ ಯಾವ ಬಣ್ಣ, ಯಾವ ಪದ?

ಉತ್ತರ, ಹಾಸನದಿಂದ

ನೋಡಮ್ಮಾ, ಮೂರಕ್ಕೂ ‘ಕೆರೆ’ ಸಾಕು. ಕೈಯಲ್ಲಿ ಪದ ಇಟ್ಟುಕೊಂಡು ಪಕ್ಕದ ಮನೆಗೆ ಕೇಳಲು ಹೋಗುವುದು ಯಾಕೆ?

ಇದು ಹಳಗನ್ನಡದ ಕೆಱೆ. ಶಕಟರೇಫ, ಅಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರ, ಗಮನಿಸಿ. ತಮಿಳಿನ ‘ಚಿಱೈ’ ಇದರ ಒಡಹುಟ್ಟು. ಅಲ್ಲಿ ಅದಕ್ಕೆ ತಡೆ, ಅಣೆ, ಸೆರೆಮನೆ ಎಲ್ಲ ಅರ್ಥಗಳೂ ಇವೆ. ಮಲಯಾಳದ ‘ಚಿಱ’ ಅಂದರೆ ಅಣೆಯೂ ಹೌದು, ಕೆರೆಯೂ ಹೌದು. ತೆಲುಗಿನ ‘ಚೆಱುವು’ ಕೂಡ ಇದೇ ಮನೆಯದು. ಅಂದರೆ ಮೂಲದಲ್ಲಿ ಕೆರೆ ಎಂದರೆ ತಡೆದು ನಿಲ್ಲಿಸಿದ ನೀರು. ಯಾರು ತಡೆದರು ಅನ್ನುವುದು ಪದದೊಳಗೆ ಇಲ್ಲ. ಜನ ತಡೆದರೂ ಕೆರೆ, ಗುಡ್ಡ ತಡೆದರೂ ಕೆರೆ.

ಹಿಮದ ನೀರಿಗೆ ‘ಹಿಮಗೆರೆ’ ಅಂತ ಹಾಕಿ. ಮುಗಿಯಿತು.

ಉತ್ತರ, ಶಿರಸಿಯಿಂದ

ಮುಗಿಯಲಿಲ್ಲ. ‘ಹಿಮಗೆರೆ’ ಖಂಡಿತ ಬೇಡ. ಆದೇಶ ಸಂಧಿ ಆದ ಮೇಲೆ ಉಳಿಯುವುದು ‘ಗೆರೆ’. ಮಕ್ಕಳು ಅದನ್ನು ಹಿಮದ ಗೆರೆ ಅಂತ ಓದುತ್ತಾರೆ. ಹಿಮರೇಖೆ ಅನ್ನುವ ಬೇರೆಯೇ ಸಂಗತಿ ಭೂಗೋಳದಲ್ಲಿದೆ, ನಕ್ಷೆಯ ಮೇಲೆ ಎರಡೂ ಗೊಂದಲವಾಗುತ್ತವೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸುವ ಅರಿಸಮಾಸದ ಮಾತು ಎತ್ತುವುದೇ ಇಲ್ಲ, ಅದನ್ನು ಹಾಸನದ ಮೇಷ್ಟ್ರೇ ನೋಡಿಕೊಳ್ಳಲಿ.

‘ಚಿಱೈ’ ಕತೆ ಚೆನ್ನಾಗಿದೆ. ಆದರೆ ಪದಕ್ಕೆ ಅರ್ಥ ಬರುವುದು ಬಳಕೆಯಿಂದ. ತಮಿಳರಿಗೆ ‘ಏರಿ’ ಅಂದರೆ ಕೆರೆ. ನಮಗೆ ಏರಿ ಅಂದರೆ ಕೆರೆಯ ದಂಡೆ. ಬೇರು ಹಿಡಿದು ಹೋದರೆ ನಾವು ದಂಡೆಯ ಮೇಲೆ ಈಜಬೇಕಾಗುತ್ತದೆ ಮಾರಾಯ್ರೇ.

ಕೆರೆ ಅಂದರೆ ಏರಿ ಇರಬೇಕು, ತೂಬು ಇರಬೇಕು, ಕೋಡಿ ಇರಬೇಕು, ಕೆಳಗೆ ಗದ್ದೆ ಇರಬೇಕು. ನೇಪಾಳದ ಅತಿ ದೊಡ್ಡ ಸರೋವರ ರಾರಾ. ಸುಮಾರು 2990 ಮೀಟರ್ ಎತ್ತರದಲ್ಲಿದೆ, 167 ಮೀಟರ್ ಆಳ. ಅದಕ್ಕೆ ಯಾವ ತೂಬು? ಯಾವ ಅಚ್ಚುಕಟ್ಟು? ಅದನ್ನು ಕೆರೆ ಅನ್ನುವುದು ಕಿವಿಗೆ ಹೊಡೆಯುತ್ತದೆ. ಅಂಥ ನೀರು ನಮ್ಮ ಸೀಮೆಯಲ್ಲಿ ಅಪರೂಪ, ಹಾಗಾಗಿ ನಮ್ಮದೇ ಪದ ಹುಟ್ಟಲಿಲ್ಲ. ಸರೋವರ ಅನ್ನೋಣ. ಅದು ಎರವಲು ಅನ್ನುವುದು ಯಾವ ಹಳ್ಳಿಯ ಹುಡುಗನಿಗೂ ಅನಿಸುವುದಿಲ್ಲ.

ಉತ್ತರ, ಕಠ್ಮಂಡುವಿನಿಂದ

ನಾನು ಆರು ವರ್ಷದಿಂದ ಇಲ್ಲಿದ್ದೇನೆ. ಪಶುಪತಿನಾಥದ ಮುಖ್ಯ ಅರ್ಚಕರು ನಮ್ಮ ಕರಾವಳಿ ಕಡೆಯವರೇ ಆದ್ದರಿಂದ ಕನ್ನಡದ ಯಾತ್ರಿಕರು ಬಂದು ಹೋಗುತ್ತಲೇ ಇರುತ್ತಾರೆ. ಅವರಿಗೆಲ್ಲ ಈ ಹೆಸರುಗಳನ್ನು ಬಿಡಿಸಿ ಹೇಳಿ ಹೇಳಿ ನನಗೆ ಒಂದು ವಿಷಯ ತಿಳಿದಿದೆ. ಇಲ್ಲಿನವರು ‘ತಾನಾಗಿ ಆದದ್ದು, ಕಟ್ಟಿದ್ದು’ ಅಂತ ಪದ ಬದಲಿಸುವುದಿಲ್ಲ.

ಕುಲೇಖಾನಿಯನ್ನೇ ನೋಡಿ. 114 ಮೀಟರ್ ಎತ್ತರದ ಅಣೆಕಟ್ಟು, 1982ರಲ್ಲಿ ಮುಗಿದದ್ದು, ವಿದ್ಯುತ್ತಿಗಾಗಿ ಕಟ್ಟಿದ್ದು. ಅದರ ನೀರಿಗೆ ಇಟ್ಟ ಹೆಸರು ಇಂದ್ರಸರೋವರ! ಶಿರಸಿಯವರ ಲೆಕ್ಕ ಇಲ್ಲಿ ನಿಲ್ಲಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ, ಕನ್ನಂಬಾಡಿ ಕಟ್ಟಿ ‘ಸಾಗರ’ ಅಂದೆವು.

ಇಲ್ಲಿನ ಪದಗಳಲ್ಲಿ ನನಗೆ ಪ್ರೀತಿ ಜಾಸ್ತಿ ಇರುವುದು ‘ದಹ’ದ ಮೇಲೆ. ಆಳವಾದ ಕೊಳ ಅನ್ನುವ ಅರ್ಥದ ಸಂಸ್ಕೃತದ ಹ್ರದ ಪ್ರಾಕೃತದಲ್ಲಿ ಹಿಂದುಮುಂದಾಗಿ ದಹ ಆಯಿತು. ಕಠ್ಮಂಡು ಕಣಿವೆಯೇ ಒಂದು ಕಾಲಕ್ಕೆ ದೊಡ್ಡ ನೀರು. ಬೋಧಿಸತ್ತ್ವ ಮಂಜುಶ್ರೀ ಚೋಭಾರದಲ್ಲಿ ಬೆಟ್ಟ ಸೀಳಿ ಅದನ್ನು ಹರಿಸಿಬಿಟ್ಟ ಅಂತ ಐತಿಹ್ಯ. ಆಗ ನೆಲೆ ತಪ್ಪಿದ ಕಾರ್ಕೋಟಕ ನಾಗ ಬಂದು ಸೇರಿದ್ದು ತೌದಹಕ್ಕೆ. ನಾಗ ಇರುವ ನೀರಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಮಡು! ಕಾಳಿಂಗನ ಮಡು. ದಹಕ್ಕೆ ಮಡುವಿಗಿಂತ ಒಳ್ಳೆಯ ಪದ ಸಿಗುವುದಿಲ್ಲ. ಮಡು ಹರಿವ ಹೊಳೆಯಲ್ಲಿರಬೇಕು ಅಂತ ಯಾರಾದರೂ ತಕರಾರು ತೆಗೆಯಬಹುದು, ನಾನು ಒಪ್ಪುವುದಿಲ್ಲ.

‘ಪೋಖರಿ’ ನಮ್ಮ ಪುಷ್ಕರಣಿಯೇ. ಊರ ನಡುವಿನ ರಾಣಿ ಪೋಖರಿಯನ್ನು ಪ್ರತಾಪ ಮಲ್ಲ 1670ರಲ್ಲಿ ಕಟ್ಟಿಸಿದ. ಮಗನನ್ನು ಕಳೆದುಕೊಂಡ ರಾಣಿಯ ಸಮಾಧಾನಕ್ಕೆ. ‘ಕುಂಡ’ ನಮಗೆ ಗೊತ್ತಿದ್ದದ್ದೇ. ಗೋಸಾಯಿಂಕುಂಡ 4380 ಮೀಟರ್ ಎತ್ತರದಲ್ಲಿದೆ, ನೂಲಹುಣ್ಣಿಮೆಗೆ ಜನ ಹತ್ತಿ ಹೋಗುತ್ತಾರೆ. ಇನ್ನು ಶೆರ್ಪಾಗಳ ‘ತ್ಸೋ’ ಟಿಬೆಟಿನ ಕಡೆಯ ಮಾತು. ‘ತ್ಸೋ ರೋಲ್ಪಾ ಸರೋವರ’ ಅಂತ ಬರೆಯಬೇಡಿ. ಕೆರೆ ಎರಡು ಸಲ ಬರುತ್ತದೆ.

ಉತ್ತರ, ಹಾಸನದಿಂದ

ಶಿರಸಿಯವರು ತೂಬು, ಕೋಡಿ ಕೇಳಿದರು. ತ್ಸೋ ರೋಲ್ಪಾ ನೋಡಲಿ. ಸುಮಾರು 4580 ಮೀಟರ್ ಎತ್ತರದಲ್ಲಿ, ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನಿಂತ ನೀರು ಅದು. ದಿಬ್ಬ ಒಡೆಯಬಹುದು ಅಂತ ಹೆದರಿ ಕಾಲುವೆ ಕಡಿದು, ಬಾಗಿಲು ಇಟ್ಟು, 2000ದಲ್ಲಿ ನೀರನ್ನು 3 ಮೀಟರ್ ಇಳಿಸಿದರು. ಇಮ್ಜಾ ಅನ್ನುವ ಇನ್ನೊಂದು ಹಿಮದ ಕೆರೆಯಲ್ಲೂ 2016ರಲ್ಲಿ ನೇಪಾಳದ ಸೈನ್ಯ ಇದೇ ಕೆಲಸ ಮಾಡಿತು. ಏರಿ ಇದೆ, ಕೋಡಿ ಇದೆ. ಇನ್ನೇನು ಬೇಕು ಕೆರೆ ಅನ್ನಲು?

ಇಲ್ಲಿ ನನಗೆ ನಿಜಕ್ಕೂ ಸಂಕಟವಾಗುವ ವಿಷಯ ಇನ್ನೊಂದು. ಪತ್ರಿಕೆಗಳು ಇಂಥ ಕೆರೆ ಒಡೆದಾಗ ‘ಹಿಮಸರೋವರ ಸ್ಫೋಟ’ ಅಂತ ಬರೆಯುತ್ತವೆ. ಬಾಂಬು ಬಿತ್ತೇ? ಕೆರೆ ಒಡೆಯುವುದು ಗೊತ್ತಿಲ್ಲದ ಊರು ಕನ್ನಡನಾಡಿನಲ್ಲಿ ಇದೆಯೇ? ಏರಿ ಜಿನುಗುತ್ತದೆ, ಕೊರೆಯುತ್ತದೆ, ಒಡೆಯುತ್ತದೆ. 1985ರ ಆಗಸ್ಟ್ 4ರಂದು ದಿಗ್ ತ್ಸೋದಲ್ಲಿ ಹಿಮಗಡ್ಡೆ ಕುಸಿದು ನೀರಿಗೆ ಬಿತ್ತು, ಅಲೆ ಎದ್ದು ದಿಬ್ಬ ಒಡೆಯಿತು, ಕಟ್ಟಿ ಮುಗಿಯುತ್ತಿದ್ದ ವಿದ್ಯುತ್ ಘಟಕ ಕೊಚ್ಚಿಹೋಯಿತು. ‘ಒಡೆಯಿತು’ ಅಂದರೆ ಏನಾಯಿತು ಅಂತ ಕಣ್ಣಿಗೆ ಕಟ್ಟುತ್ತದೆ. ‘ಸ್ಫೋಟ’ ಅಂದರೆ ಏನೂ ಕಾಣುವುದಿಲ್ಲ. ಎರವಲು ಪದ ಬಂದು ನಮ್ಮ ಅನುಭವವನ್ನೇ ಮುಚ್ಚಿಹಾಕುವುದು ಅಂದರೆ ಇದು.

ಉತ್ತರ, ಶಿರಸಿಯಿಂದ

‘ಸ್ಫೋಟ’ದ ಬಗ್ಗೆ ಒಪ್ಪಿದೆ. ‘ಒಡೆಯಿತು’ ಸರಿ.

ಆದರೆ ಎರವಲಿನ ಮೇಲೆ ಸಿಟ್ಟು ಬೇಡ. ‘ಹಿಮ’ ಎಲ್ಲಿಯದು? ‘ನದಿ’ ಎಲ್ಲಿಯದು? ಅವನ್ನು ಬಿಟ್ಟು ‘ನೀರ್ಗಲ್ಲ ಹೊಳೆ’ ಅಂತ ಬರೆದರೆ ಈ ಅಕ್ಕನ ಪುಸ್ತಕ ಯಾರು ಓದುತ್ತಾರೆ? ಹಾಗೆಯೇ, ಗುಡ್ಡ ತಡೆದರೂ ಕೆರೆ ಅಂದಿರಿ. ಹಾಗಾದರೆ ಗುಡ್ಡ ಕೆರೆ ‘ಕಟ್ಟಿತು’ ಅನ್ನಬೇಕಾಗುತ್ತದೆ, ಅದನ್ನು ನನ್ನ ಕಿವಿ ಇನ್ನೂ ಒಪ್ಪಿಲ್ಲ. ಕಟ್ಟುವುದಕ್ಕೆ ಕೈ ಬೇಕು.

ಉತ್ತರ, ಹಾಸನದಿಂದ

ಮೋಡ ಕಟ್ಟುತ್ತದೆ. ಹುತ್ತ ಕಟ್ಟುತ್ತದೆ. ಎದೆಯಲ್ಲಿ ಕಫ ಕಟ್ಟುತ್ತದೆ. ಮಳೆ ಬಂದರೆ ಹಿತ್ತಲಲ್ಲಿ ನೀರು ಕಟ್ಟಿಕೊಳ್ಳುತ್ತದೆ. ಯಾವ ಕೈ?

ಕೇಳಿದವರಿಂದ, ಬೆಂಗಳೂರು

ಮೇಷ್ಟ್ರೇ, ಆ ನಾಲ್ಕು ಸಾಲು ನನ್ನ ನಕ್ಷೆಯನ್ನು ಉಳಿಸಿತು.

ನೀರು ತಾನಾಗಿ ಆದದ್ದೋ ಕೃತಕವೋ ಅನ್ನುವುದನ್ನು ಬಿಟ್ಟು, ನೀರನ್ನು ಏನು ಹಿಡಿದು ನಿಲ್ಲಿಸಿದೆ ಅಂತ ಬರೆಯುತ್ತೇನೆ. ಬಿಳಿಗೆ ‘ಹಿಮನದಿ ಕಟ್ಟಿದ ಕೆರೆ’. ಹಸಿರಿಗೆ ‘ಜನ ಕಟ್ಟಿದ ಜಲಾಶಯ’. ಜಲಾಶಯ ಟೀವಿಯಲ್ಲಿ ಮಳೆಗಾಲದುದ್ದಕ್ಕೂ ಕೇಳಿಸುತ್ತದೆ, ಮಕ್ಕಳಿಗೆ ಗೊತ್ತು. ನೀಲಿಗೆ ಶಿರಸಿಯವರ ‘ಸರೋವರ’, ಹಿಂದೆ ಏನೂ ಸೇರಿಸುವುದಿಲ್ಲ. ರಾರಾವನ್ನು ಕೆರೆ ಅನ್ನಲು ನನಗೂ ಮನಸ್ಸಾಗಲಿಲ್ಲ. ಫೇವಾಕ್ಕೆ ನೀಲಿ ಬಣ್ಣ, ಹಸಿರು ಅಂಚು. ಅಣೆ ಇರುವ ಕಡೆ ಮಾತ್ರ ಅಂಚು.

ಈ ಲೆಕ್ಕದಲ್ಲಿ ಪುಸ್ತಕ ಬಿಟ್ಟಿದ್ದ ನಾಲ್ಕನೆಯದೂ ಸೇರುತ್ತದೆ. 2014ರ ಆಗಸ್ಟ್ 2ರಂದು ಜುರೆಯಲ್ಲಿ ಗುಡ್ಡ ಕುಸಿದು ಸುನ್‌ಕೋಶಿ ನದಿಯನ್ನೇ ಅಡ್ಡಗಟ್ಟಿತು. 150ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ನಿಂತ ನೀರು ಸುಮಾರು ಒಂದು ತಿಂಗಳು ಇದ್ದು, ಸೆಪ್ಟೆಂಬರಿನಲ್ಲಿ ದಿಬ್ಬ ಒಡೆದು ಹರಿದುಹೋಯಿತು. ಈಗ ಅದು ನಕ್ಷೆಯಲ್ಲಿಲ್ಲ. ಪುಟದ ಅಡಿಯಲ್ಲಿ ‘ಗುಡ್ಡ ಕಟ್ಟಿದ ಕೆರೆ’ ಅಂತ ಒಂದು ಸಾಲು ಹಾಕುತ್ತಿದ್ದೇನೆ. ಪ್ರಕಾಶಕರು ಒಪ್ಪಿದ್ದಾರೆ.

ಅಲ್ಲಿನ ಹೆಸರುಗಳಿಗೆ ಬಾಲ ಅಂಟಿಸುವುದಿಲ್ಲ. ಬರೀ ತ್ಸೋ ರೋಲ್ಪಾ, ಬರೀ ತೌದಹ. ತೌದಹದ ಪಕ್ಕ ಸಣ್ಣಕ್ಷರದಲ್ಲಿ ‘ನಾಗನ ಮಡು’.

ಒಂದೇ ಉಳಿದಿದೆ. ರಾಣಿ ಪೋಖರಿಯ ಕೆಳಗೆ ‘ಪುಷ್ಕರಣಿ’ ಅಂತ ಬರೆಯಲೋ, ‘ಪುಷ್ಕರಿಣಿ’ ಅಂತಲೋ? ನಿಘಂಟಿನ ರೂಪ ನನಗೂ ಗೊತ್ತು. ಹಂಪಿಯಲ್ಲಿ ಜನ ಹೇಳುವುದು ಬೇರೆ. ಭಾನುವಾರ ರಾತ್ರಿಯೊಳಗೆ ತಿಳಿಸಿ, ದಯವಿಟ್ಟು.