ಸಹಾಯ ಬೇಕು: 10 ಮೀಟರಿಗೆ ಏರ್ ರೈಫಲ್ ಮೇಲೆ ಸ್ಕೋಪ್ ಇಟ್ಕೊಳ್ಳೋದೋ, ತೆಗೆಯೋದೋ?

ಮೈಸೂರು-ಮಂಡ್ಯ ಕಡೆ ಏರ್ ರೈಫಲ್ ಚೆನ್ನಾಗಿ ಬಲ್ಲವರು ದಯವಿಟ್ಟು ಹೇಳಿ. .177 (4.5 ಮಿ.ಮೀ. ಪೆಲೆಟ್‌ನ) ಸ್ಪ್ರಿಂಗ್ ರೈಫಲ್, ಮೇಲೆ 4x32 ಸ್ಕೋಪ್ (ನಾಲ್ಕು ಪಟ್ಟು ದೊಡ್ಡದಾಗಿ ತೋರಿಸೋ, ಮುಂದೆ 32 ಮಿ.ಮೀ. ಗಾಜಿರೋ ದುರ್ಬೀನು). ತೆಂಗಿನ ತೋಟದಲ್ಲಿ ಮರಳುಮೂಟೆ ಜೋಡಿಸಿ, 10ರಿಂದ 25 ಮೀಟರಿಗೆ ಕಾಗದದ ಗುರಿಗಷ್ಟೇ ಹೊಡೆಯೋದು. 1972ರ ವನ್ಯಜೀವಿ ಕಾಯ್ದೆ ಇರೋವಾಗ ಬೇಟೆ ಮಾತೇ ಇಲ್ಲ.

20 ಮೀಟರಿಗೆ ಜೀರೋ ಮಾಡಿದ್ರೆ (ಆ ದೂರದಲ್ಲಿ ಗುರಿ ಇಟ್ಟಲ್ಲೇ ಬೀಳೋ ಹಾಗೆ ಸ್ಕೋಪ್ ಹೊಂದಿಸಿದ್ರೆ) 10 ಮೀಟರಲ್ಲಿ ಪೆಲೆಟ್ ಹತ್ತಿರ ಹತ್ತಿರ ಒಂದು ಸೆಂ.ಮೀ. ಕೆಳಗೆ ಬೀಳುತ್ತೆ. ಸ್ಕೋಪು ನಳಿಗೆಗಿಂತ 4 ಸೆಂ.ಮೀ. ಮೇಲಿರೋದ್ರಿಂದ ಅದು ಸಹಜ, ಲೆಕ್ಕ ಸಿಗುತ್ತೆ. ಲೆಕ್ಕಕ್ಕೆ ಸಿಗದೇ ಇರೋದು ಎಡಬಲ ಓಡಾಟ. ರೈಫಲ್ ಮೂಟೆ ಮೇಲೆ ಅಲ್ಲಾಡದೆ ಕೂತಿದ್ರೂ, ಕಣ್ಣು ಚೂರು ಸರಿಸಿದ್ರೆ ಸ್ಕೋಪಿನೊಳಗಿನ ಅಡ್ಡಗೆರೆ, ಅಂದ್ರೆ ಕ್ರಾಸ್‌ಹೇರ್ ಕರಿಬೊಟ್ಟಿನ ಮೇಲೆ ಜಾರುತ್ತೆ. ಈ ಜಾರಾಟಕ್ಕೇ ಪ್ಯಾರಲಾಕ್ಸ್ ಅನ್ನೋದು; ಅದು 100 ಗಜದಲ್ಲಿ ಇರದ ಹಾಗೆ ಕೂರಿಸಿರೋ ಸ್ಕೋಪು, ಅದೇ ಕಾರಣ.

ಸ್ಟಾಕ್ ಸ್ಕ್ರೂ ಬಿಗಿ ಮಾಡಿದ್ದಾಯ್ತು. ಸ್ಪ್ರಿಂಗ್ ಹಿಂದಕ್ಕೂ ಮುಂದಕ್ಕೂ ಒದೆಯೋದಕ್ಕೆ ಸ್ಕೋಪ್ ಹಿಡಿದಿರೋ ಮೌಂಟ್ ಜರುಗ್ತಿತ್ತು, ಅದನ್ನ ತಡೆಯೋ ಸ್ಟಾಪ್ ಪಿನ್ ಹಾಕಿದ್ದಾಯ್ತು. ಮುಂದಿನ ಗಾಜಿಗೆ 16 ಮಿ.ಮೀ. ತೂತಿನ ರಟ್ಟು ಅಂಟಿಸಿದ್ರೆ ಓಡಾಟ ಕಮ್ಮಿ, ಆದ್ರೆ ಸಂಜೆ ಮರದ ನೆರಳಲ್ಲಿ ಗುರಿ ಮಬ್ಬು. ಓಪನ್ ಸೈಟ್ (ರೈಫಲ್ ಮೇಲಿನ ಗಾಜಿಲ್ಲದ ಗುರಿಕಡ್ಡಿ) 10 ಮೀಟರಿಗೆ ಸೊಗಸು; 25ಕ್ಕೆ ಮುಂದಿನ ಕಡ್ಡಿ ಬೊಟ್ಟನ್ನೇ ಮುಚ್ಚಿಬಿಡುತ್ತೆ.

ಈಗ ಮುಂದಿನ ಲೆನ್ಸಿನ ಲಾಕ್ ರಿಂಗ್ ಸಡಿಲಿಸಿ ಪ್ಯಾರಲಾಕ್ಸನ್ನ 15 ಮೀಟರಿಗೆ ತಂದ್ರೆ, ಒಳಗಿನ ಗ್ಯಾಸ್ ಹೋಗಿ ಗಾಜು ಮಂಜಾಗುತ್ತಾ? ಇಲ್ಲಾ, ಸ್ಕೋಪೇ ತೆಗೆದು, ಅದು ಕೂರೋ 11 ಮಿ.ಮೀ. ಡವ್‌ಟೇಲ್‌ಗೆ ಪೀಪ್ ಸೈಟ್ (ಸಣ್ಣ ತೂತಲ್ಲಿ ನೋಡಿ ಗುರಿ ಇಡೋದು) ಹಾಕೋದು ವಾಸಿನಾ? ಎರಡರಲ್ಲಿ ಯಾವುದು?